ಊರು ನಿಂತಾಗ ಗಾಳಿಗೆ ಏನಾಯಿತು?

2020ರ ಮೇ 1ರ ರಾತ್ರಿ ನಾಸಿಕ್ ರೋಡ್ ನಿಲ್ದಾಣದಿಂದ ಭೋಪಾಲದ ಕಡೆಗೆ ಒಂದು ರೈಲು ಹೊರಟಿತು. ಲಾಕ್‌ಡೌನ್‌ನಲ್ಲಿ ಸಿಕ್ಕಿಬಿದ್ದ ವಲಸೆ ಕಾರ್ಮಿಕರನ್ನು ಊರು ಮುಟ್ಟಿಸಲು ದೇಶದಲ್ಲಿ ಓಡಿದ ಮೊಟ್ಟಮೊದಲ ಶ್ರಮಿಕ್ ವಿಶೇಷ ರೈಲುಗಳಲ್ಲಿ ಅದೂ ಒಂದು. ಅದರಲ್ಲಿದ್ದವರು ಮುನ್ನೂರಕ್ಕೂ ಹೆಚ್ಚು ಜನ. ಆ ಹಳಿ ನಾಸಿಕ್ ಬಿಟ್ಟ ಮೇಲೆ ನಿಫಾಡ್, ಲಾಸಲಗಾಂವ್ ದಾಟಿ ಮನ್ಮಾಡ್ ಜಂಕ್ಷನ್ನಿಗೆ ಹೋಗುತ್ತದೆ. ಬೇರೆ ವರ್ಷವಾಗಿದ್ದರೆ ಅದು ಈರುಳ್ಳಿ ಲಾರಿಗಳ, ದ್ರಾಕ್ಷಿ ಪೆಟ್ಟಿಗೆಗಳ, ಮುಂಬೈ-ಆಗ್ರಾ ಹೆದ್ದಾರಿಯ ಟ್ರಕ್ಕುಗಳ ಗದ್ದಲದ ನಾಡು. ಆ ರಾತ್ರಿ ಅಲ್ಲಿ ಅಂಥ ಗದ್ದಲವೇನೂ ಇರಲಿಲ್ಲ.

ಅದೇ ವಾರಗಳಲ್ಲಿ ನಮ್ಮೆಲ್ಲರ ಮೊಬೈಲುಗಳಿಗೆ ಬೇರೊಂದು ಬಗೆಯ ಚಿತ್ರಗಳು ಬರುತ್ತಿದ್ದವು. ಪಂಜಾಬಿನ ಜಲಂಧರದ ಮಾಳಿಗೆಗಳಿಂದ ಧೌಲಾಧಾರ್ ಹಿಮಪರ್ವತ ಕಾಣುತ್ತಿದೆ, ದೆಹಲಿಯ ಆಕಾಶ ನೀಲಿಯಾಗಿದೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಕ್ಕಿ ಕೂಗು ಕೇಳುತ್ತಿದೆ ಎಂಬಂಥವು. ಮನುಷ್ಯ ಸುಮ್ಮನಿದ್ದರೆ ಸಾಕು, ಪ್ರಕೃತಿ ತಾನೇ ವಾಸಿಯಾಗುತ್ತದೆ ಎಂಬ ಮಾತು ಆಗ ಬಹಳ ಓಡಾಡಿತು.

ಆ ರೈಲು, ಈ ಆಕಾಶ ಎರಡೂ ಒಂದೇ ಘಟನೆಯ ಎರಡು ಮುಖಗಳು. ಆದರೆ ನೆನಪಿನಲ್ಲಿ ಅವು ಬೇರೆ ಬೇರೆ ಕಪಾಟುಗಳಲ್ಲಿ ಉಳಿದುಬಿಟ್ಟಿವೆ. ಒಂದು ಸಂಕಟದ ಕಪಾಟು, ಇನ್ನೊಂದು ಸಮಾಧಾನದ ಕಪಾಟು. ಜನ ನಿಂತಾಗ ಗಾಳಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಅದನ್ನು ಓದಬೇಕಾದರೆ ಎರಡು ಕಪಾಟುಗಳನ್ನೂ ಒಟ್ಟಿಗೆ ತೆರೆಯಬೇಕು.

ಎರಡು ನಗರಗಳ ನಡುವಿನ ತಾಲೂಕು

ನಿಫಾಡ್ ದೊಡ್ಡ ಊರಲ್ಲ. ನಾಸಿಕ್ ಜಿಲ್ಲೆಯ ಒಂದು ತಾಲೂಕು ಕೇಂದ್ರ. ಆದರೆ ಆ ತಾಲೂಕಿನಲ್ಲಿ ಏನೇನಿದೆ ನೋಡಿ. ದೇಶದ ಈರುಳ್ಳಿ ದರವನ್ನು ತೀರ್ಮಾನಿಸುವ ಲಾಸಲಗಾಂವ್ ಮಾರುಕಟ್ಟೆ ಇಲ್ಲೇ ಇದೆ. ಟೊಮೆಟೊ, ದ್ರಾಕ್ಷಿಗೆ ಹೆಸರಾದ ಪಿಂಪಳಗಾಂವ್ ಬಸವಂತ್ ಇಲ್ಲಿದೆ. ಬೆಂಗಳೂರಿನವರಿಗೆ ಆಪ್ತವಾದ ಹೆಸರೂ ಒಂದಿದೆ: 1964ರಲ್ಲಿ ಮಿಗ್ ಯುದ್ಧವಿಮಾನಗಳಿಗಾಗಿ ಶುರುವಾದ ಓಝರ್‌ನ ಎಚ್‌ಎಎಲ್ ಕಾರ್ಖಾನೆ. ಪಶ್ಚಿಮಕ್ಕೆ ನಾಸಿಕ್ ನಗರ, ಅದರ ಅಂಚಿನ ಏಕಲಹರೆಯಲ್ಲಿ 630 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಮನ್ಮಾಡಿನಿಂದ ಕವಲೊಡೆಯುವ ಹಳಿ ಹಿಡಿದು ಆಗ್ನೇಯಕ್ಕೆ ಹೋದರೆ ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ. ಅದರಾಚೆ ಉಕ್ಕಿನ ಕಾರ್ಖಾನೆಗಳ ಜಾಲ್ನಾ.

ನಿಫಾಡ್‌ಗೆ ಇನ್ನೊಂದು ಖ್ಯಾತಿಯೂ ಇದೆ. ಅದು ಚಳಿಯದು. ಕುಂದೇವಾಡಿಯ ಗೋಧಿ ಸಂಶೋಧನಾ ಕೇಂದ್ರದಲ್ಲಿ ಅಳೆಯುವ ಕನಿಷ್ಠ ತಾಪಮಾನ ಡಿಸೆಂಬರ್, ಜನವರಿಯಲ್ಲಿ ಮರಾಠಿ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಗಾಳಿಯ ಕತೆಗೆ ಈ ಚಳಿ ಮುಖ್ಯ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕಂಟಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದಂತೆ ಕೂರುತ್ತದೆ. ಒಲೆಯ ಹೊಗೆ, ಲಾರಿಯ ಹೊಗೆ, ದೂಳು ಎಲ್ಲವೂ ಆ ಮುಚ್ಚಳದ ಕೆಳಗೇ ಉಳಿಯುತ್ತವೆ. ಬೇಸಿಗೆಯಲ್ಲಿ ಇದು ತಿರುಗುಮುರುಗು: ಕಾದ ನೆಲದಿಂದ ಗಾಳಿ ಮೇಲೇರುತ್ತದೆ, ಹೊಗೆಗೆ ಹರಡಿಕೊಳ್ಳಲು ಒಂದೆರಡು ಕಿಲೋಮೀಟರ್ ಎತ್ತರದ ಜಾಗ ಸಿಗುತ್ತದೆ. ಅಂದರೆ ಅದೇ ಹತ್ತು ಲಾರಿಗಳು ಜನವರಿಯಲ್ಲಿ ಮಾಡುವಷ್ಟು ಹಾನಿಯನ್ನು ಏಪ್ರಿಲ್‌ನಲ್ಲಿ ಮಾಡಲಾರವು.

ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಅಳತೆಗೆ ಸಿಗದ ನಿಲುಗಡೆಗಳು

ಊರುಗಳು ಖಾಲಿಯಾಗುವುದು 2020ರಲ್ಲಿ ಹೊಸದಾಗಿ ಶುರುವಾದದ್ದಲ್ಲ. ಬಯಲುಸೀಮೆಯ ಹಲವು ಹಳ್ಳಿಗಳಲ್ಲಿ ಹೊರಬೀಡು ಎಂಬ ಆಚರಣೆ ಇನ್ನೂ ಉಳಿದಿದೆ. ಜನ, ದನ ಎಲ್ಲ ಊರಾಚೆ ಹೋಗಿ, ಒಲೆ ಹೊತ್ತಿಸದ ಖಾಲಿ ಊರನ್ನು ಒಂದು ದಿನ ಬಿಟ್ಟು, ಸಂಜೆ ಮರಳುತ್ತಾರೆ. ರೋಗರುಜಿನ ತೊಲಗಲಿ ಎಂಬುದು ಅದರ ಹಿಂದಿನ ನಂಬಿಕೆ. ಪ್ಲೇಗು ಬಂದಾಗ ಇದು ಆಚರಣೆಯಾಗಿ ಉಳಿಯಲಿಲ್ಲ, ಅನಿವಾರ್ಯವಾಯಿತು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಳಿಗಳ ಗುಂಟ ದಖ್ಖನಿಗೆ ಹಬ್ಬಿತು. 1898ರಲ್ಲಿ ಬೆಂಗಳೂರಿಗೆ ಬಂತು. ಜನ ಪೇಟೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದರು. ಆ ಕಾಲದ ವೈದ್ಯರಲ್ಲೂ ಅಧಿಕಾರಿಗಳಲ್ಲೂ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣ ಎಂಬ ಭಾವನೆ ಬಲವಾಗಿತ್ತು. ಮಲ್ಲೇಶ್ವರ, ಬಸವನಗುಡಿಗಳ ಅಗಲ ರಸ್ತೆಗಳಿಗೆ, ಮನೆಗಳ ನಡುವಿನ ತೆರಪಿಗೆ ಗಾಳಿ ಬೆಳಕಿನ ಈ ಚಿಂತೆಯೂ ಒಂದು ಕಾರಣ. ಆದರೆ ಪೇಟೆ ಖಾಲಿಯಾದಾಗ ಪೇಟೆಯ ಗಾಳಿ ಎಷ್ಟು ಬದಲಾಯಿತು ಎಂದು ಯಾರೂ ಅಳೆಯಲಿಲ್ಲ. ಅಳೆಯುವ ಯಂತ್ರವೂ ಇರಲಿಲ್ಲ.

ಯಂತ್ರವಿಲ್ಲದ ಕಾಲದ ಲೆಕ್ಕ ಒಂದು ಕಡೆ ಉಳಿದಿತ್ತು, ಮಂಜುಗಡ್ಡೆಯಲ್ಲಿ. ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಆಲ್ಪ್ಸ್ ಪರ್ವತದಲ್ಲಿ ಕೊಲ್ಲೆ ನಿಫೆಟ್ಟಿ ಎಂಬ ಹಿಮನದಿಯಿದೆ. ಅಲ್ಲಿ ಪ್ರತಿ ವರ್ಷ ಬೀಳುವ ಹಿಮ ಆ ವರ್ಷದ ಗಾಳಿಯಲ್ಲಿದ್ದ ಕಣಗಳನ್ನೂ ಹಿಡಿದಿಡುತ್ತದೆ. ಅಲ್ಲಿಂದ ಕೊರೆದು ತೆಗೆದ ಹಿಮಸ್ತಂಭವನ್ನು ಪದರ ಪದರವಾಗಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳಿದ್ದಿಷ್ಟು: ಸುಮಾರು ಎರಡು ಸಾವಿರ ವರ್ಷಗಳ ದಾಖಲೆಯಲ್ಲಿ ಗಾಳಿಯ ಸೀಸದ ಅಂಶ ಪೂರಾ ಕುಸಿದದ್ದು 1349ರಿಂದ 1353ರ ನಡುವೆ. ಅದು ಯೂರೋಪಿನಲ್ಲಿ ಮಹಾಮಾರಿ ಪ್ಲೇಗಿನ ಕಾಲ. ಗಣಿಗಳಲ್ಲಿ, ಲೋಹ ಕರಗಿಸುವ ಕುಲುಮೆಗಳಲ್ಲಿ ಕೆಲಸ ಮಾಡಲು ಜನರೇ ಉಳಿದಿರಲಿಲ್ಲ. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿ ಶುದ್ಧವಾಗಿತ್ತು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಮನುಷ್ಯ ನೂರಾರು ವರ್ಷ ಮೊದಲೇ ಅದನ್ನು ಕೆಡಿಸಿದ್ದ ಎಂಬುದು ಗೊತ್ತಾದದ್ದು ಅವನು ಕೆಲಸ ನಿಲ್ಲಿಸಿದ ಆ ನಾಲ್ಕು ವರ್ಷಗಳಿಂದ.

ಅಳತೆಗೆ ಸಿಕ್ಕ ನಿಲುಗಡೆಗಳು

ಇಪ್ಪತ್ತನೇ ಶತಮಾನದಲ್ಲಿ ಯಂತ್ರಗಳು ಬಂದವು. ಅಮೆರಿಕದ ಯೂಟಾ ಕಣಿವೆಯಲ್ಲಿ ಜಿನೀವಾ ಸ್ಟೀಲ್ ಎಂಬ ಉಕ್ಕಿನ ಕಾರ್ಖಾನೆ ಕಾರ್ಮಿಕ ವಿವಾದದಿಂದಾಗಿ 1986ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಹೊಸ ಮಾಲೀಕರ ಕೈಗೆ ಬಂದು ಮತ್ತೆ ತೆರೆದದ್ದು 1987ರ ಸೆಪ್ಟೆಂಬರ್‌ನಲ್ಲಿ. ಅಲ್ಲಿನ ಅರ್ಥಶಾಸ್ತ್ರಜ್ಞ ಆರ್ಡೆನ್ ಪೋಪ್ ಆಸ್ಪತ್ರೆಯ ದಾಖಲೆಗಳನ್ನು ತೆಗೆದು ನೋಡಿದರು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಉಬ್ಬಸ, ಶ್ವಾಸನಾಳದ ಉರಿಯೂತ ಎಂದು ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಕಾರ್ಖಾನೆ ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿತ್ತು. 1989ರಲ್ಲಿ ಪ್ರಕಟವಾದ ಈ ಅಧ್ಯಯನ ಸೂಕ್ಷ್ಮ ಕಣಗಳ ಬಗೆಗಿನ ಚಿಂತನೆಯನ್ನೇ ಬದಲಿಸಿತು. ಆ ಹದಿಮೂರು ತಿಂಗಳು ಕಾರ್ಮಿಕರ ಮನೆಗಳಲ್ಲಿ ಸಂಬಳ ಇರಲಿಲ್ಲ ಎಂಬುದೂ ಇದೇ ಲೆಕ್ಕದ ಭಾಗ.

ಎಲ್ಲ ನಿಲುಗಡೆಗಳೂ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್ ವೇಳೆ ನಗರದೊಳಗೆ ಕಾರುಗಳ ಓಡಾಟ ಕಡಿಮೆ ಮಾಡಿದರು. ಗಾಳಿಯ ಓಝೋನ್ ಸುಮಾರು ಶೇ 28ರಷ್ಟು ಇಳಿಯಿತು, ಮಕ್ಕಳ ಉಬ್ಬಸದ ಪ್ರಕರಣಗಳೂ ಇಳಿದವು ಎಂದು 2001ರಲ್ಲಿ ಒಂದು ಅಧ್ಯಯನ ಬಂತು. ಅದು ಬಹಳ ಹೆಸರಾಯಿತು. 2010ರಲ್ಲಿ ಬೇರೆ ಸಂಶೋಧಕರು ಅದನ್ನೇ ಮತ್ತೆ ಪರಿಶೀಲಿಸಿದರು. ಆ ವಾರಗಳಲ್ಲಿ ಓಝೋನ್ ಇಳಿದದ್ದು ಅಟ್ಲಾಂಟಾದಲ್ಲಿ ಮಾತ್ರವಲ್ಲ, ಆಟವೂ ಇಲ್ಲದ, ಕಾರು ನಿರ್ಬಂಧವೂ ಇಲ್ಲದ ಸುತ್ತಲಿನ ಪ್ರದೇಶಗಳಲ್ಲೂ ಇಳಿದಿತ್ತು. ಅಂದರೆ ಹವಾಮಾನದ ಪಾಲೇ ದೊಡ್ಡದಿತ್ತು.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಎಚ್ಚರ ಮೂಡುತ್ತದೆ. ನಿಲುಗಡೆ ಒಂದು ಪ್ರಯೋಗ. ಆದರೆ ಪ್ರಯೋಗ ನಡೆಯುವಾಗ ಮಳೆ, ಗಾಳಿ, ಬಿಸಿಲು ಸುಮ್ಮನೆ ಕೂತಿರುವುದಿಲ್ಲ.

ಅರವತ್ತೆಂಟು ದಿನ

2020ರ ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಮಾರ್ಚ್ 25ರಿಂದ 21 ದಿನಗಳ ಲಾಕ್‌ಡೌನ್, ಅದು ಮೂರು ಸಲ ಮುಂದುವರಿದು ಮೇ 31ರವರೆಗೆ, ಒಟ್ಟು 68 ದಿನ. ನಾಸಿಕ್ ಜಿಲ್ಲೆಯ ಮೊದಲ ಸೋಂಕು ಮಾರ್ಚ್ ಕೊನೆಯಲ್ಲಿ ಪತ್ತೆಯಾದದ್ದು ನಿಫಾಡ್ ತಾಲೂಕಿನಲ್ಲೇ. ಲಾಸಲಗಾಂವ್‌ನ ಹರಾಜುಕಟ್ಟೆ ಆಗಾಗ ಮುಚ್ಚಿತು. ಅದು ದ್ರಾಕ್ಷಿ ಕೊಯ್ಲಿನ ಕಾಲ. ಕೊಯ್ಯಲು ಆಳಿಲ್ಲ, ಒಯ್ಯಲು ಲಾರಿಯಿಲ್ಲ, ಕೊಳ್ಳಲು ಪೇಟೆಯಿಲ್ಲ. ಎಷ್ಟೋ ತೋಟಗಳಲ್ಲಿ ಹಣ್ಣು ಬಳ್ಳಿಯಲ್ಲೇ ಉಳಿಯಿತು. ಕೆಲವರು ಸಿಕ್ಕ ಬೆಲೆಗೆ ಕೊಟ್ಟರು, ಕೆಲವರು ಒಣದ್ರಾಕ್ಷಿ ಮಾಡಿದರು.

ಈ ಸಲ ಅಳೆಯುವ ಕಣ್ಣುಗಳು ಬೇಕಾದಷ್ಟಿದ್ದವು. ನಾಸಿಕ್‌ನ ಗಂಗಾಪುರ ರಸ್ತೆಯಲ್ಲಿ, ಔರಂಗಾಬಾದಿನ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ, ಬೆಂಗಳೂರಿನ ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್‌ಗಳಲ್ಲಿ ಹಗಲಿರುಳು ಗಾಳಿ ಹೀರಿ ಲೆಕ್ಕ ಬರೆಯುವ ಕೇಂದ್ರಗಳಿದ್ದವು. ಆಕಾಶದಲ್ಲಿ ಯೂರೋಪಿನ ಸೆಂಟಿನೆಲ್-5ಪಿ ಉಪಗ್ರಹ ನೈಟ್ರೋಜನ್ ಡೈಆಕ್ಸೈಡನ್ನು, ನಾಸಾದ ಟೆರ್ರಾ ಉಪಗ್ರಹ ಗಾಳಿಯ ಕಣಗಳನ್ನು ನೋಡುತ್ತಿದ್ದವು. ನಿಫಾಡ್‌ನಂಥ ತಾಲೂಕು ಊರುಗಳಲ್ಲಿ ಮಾತ್ರ ಯಂತ್ರ ಇರಲಿಲ್ಲ. ನಮ್ಮ ದೇಶದಲ್ಲಿ ಗಾಳಿಯ ಅಳತೆ ದೊಡ್ಡ ನಗರಗಳ ಸೌಲಭ್ಯ.

ಯಂತ್ರಗಳು ಹೇಳಿದ್ದೇನು? ದೇಶದ 22 ನಗರಗಳ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ ದಾಖಲೆಯನ್ನು 2017ರಿಂದ 2020ರವರೆಗೆ ಹೋಲಿಸಿ ನೋಡಿದ ಅಧ್ಯಯನವೊಂದರ ಪ್ರಕಾರ, ಹಿಂದಿನ ವರ್ಷಗಳಿಗಿಂತ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳು ಶೇ 43ರಷ್ಟು ಇಳಿದವು. ತುಸು ದಪ್ಪನೆಯ ಪಿಎಂ 10 ಶೇ 31ರಷ್ಟು, ನೈಟ್ರೋಜನ್ ಡೈಆಕ್ಸೈಡ್ ಶೇ 18ರಷ್ಟು ಇಳಿದವು. ಉತ್ತರ ಭಾರತದ ಮೇಲಿನ ಕಣಗಳ ಪ್ರಮಾಣ ಇಪ್ಪತ್ತು ವರ್ಷಗಳಲ್ಲೇ ಕನಿಷ್ಠ ಎಂದು ನಾಸಾ ಏಪ್ರಿಲ್‌ನಲ್ಲಿ ಹೇಳಿತು.

ಇಲ್ಲಿಯವರೆಗಿನದು ನಾವು ಮೊಬೈಲಿನಲ್ಲಿ ನೋಡಿದ ಕತೆಯೇ. ಅದೇ ದಾಖಲೆಗಳ ಉಳಿದ ಸಾಲುಗಳು ಅಷ್ಟಾಗಿ ಹರಿದಾಡಲಿಲ್ಲ.

ಮೊದಲನೆಯದು ಓಝೋನ್. ಆ 22 ನಗರಗಳಲ್ಲಿ ಅದು ಇಳಿಯಲಿಲ್ಲ, ಶೇ 17ರಷ್ಟು ಏರಿತು. ಓಝೋನ್ ಯಾವ ಹೊಗೆಕೊಳವೆಯಿಂದಲೂ ನೇರವಾಗಿ ಬರುವುದಿಲ್ಲ. ಬಿಸಿಲಿನಲ್ಲಿ ಬೇರೆ ಅನಿಲಗಳು ಸೇರಿ ಹುಟ್ಟುತ್ತದೆ. ವಾಹನ ಉಗುಳುವ ನೈಟ್ರಿಕ್ ಆಕ್ಸೈಡ್ ರಸ್ತೆಬದಿಯ ಓಝೋನನ್ನು ತಿಂದುಹಾಕುತ್ತಿರುತ್ತದೆ. ವಾಹನ ನಿಂತಾಗ ತಿನ್ನುವವರಿಲ್ಲದೆ ಓಝೋನ್ ಉಳಿಯಿತು. ಸಾಲದ್ದಕ್ಕೆ ಬೇಸಿಗೆಯ ಬಿಸಿಲು, ದೂಳು ಕಡಿಮೆಯಾದ ಆಕಾಶ. ಉಬ್ಬಸದವರಿಗೆ ಓಝೋನ್ ಕೂಡ ಒಳ್ಳೆಯದಲ್ಲ.

ಎರಡನೆಯದು ಸಲ್ಫರ್ ಡೈಆಕ್ಸೈಡ್. ಅದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇಲ್ಲ. ಅದು ಮುಖ್ಯವಾಗಿ ಕಲ್ಲಿದ್ದಲಿನಿಂದ ಬರುವಂಥದ್ದು. ಏಪ್ರಿಲ್‌ನಲ್ಲಿ ದೇಶದ ವಿದ್ಯುತ್ ಬೇಡಿಕೆ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಕುಸಿದಿತ್ತು ನಿಜ. ಆದರೂ ಮನೆಗಳಲ್ಲಿ ಫ್ಯಾನು ತಿರುಗುತ್ತಿತ್ತು, ಆಸ್ಪತ್ರೆಗಳು ನಡೆಯುತ್ತಿದ್ದವು. ದೇಶದ ಬಾಯ್ಲರುಗಳು ಆರಿರಲಿಲ್ಲ.

ಮೂರನೆಯದು ನಮಗೆ ಹತ್ತಿರದ್ದು. ಉತ್ತರದಲ್ಲಿ ಕಂಡ ಇಳಿಕೆ ದಕ್ಷಿಣ ಭಾರತದ ಮೇಲೆ ಅದೇ ಪ್ರಮಾಣದಲ್ಲಿ ಕಾಣಲಿಲ್ಲ ಎಂದು ನಾಸಾ ಅದೇ ವರದಿಯಲ್ಲಿ ಹೇಳಿತ್ತು. ಹವಾಮಾನ, ಹೊಲಗಳಲ್ಲಿ ಹಚ್ಚುವ ಬೆಂಕಿ, ಗಾಳಿಯ ದಿಕ್ಕು ಇವೆಲ್ಲ ಕಾರಣವಿರಬಹುದು ಎಂದಿತ್ತು. ಮಾರ್ಚ್-ಏಪ್ರಿಲ್ ಎಂದರೆ ಬೇಸಿಗೆ. ನಿಫಾಡ್‌ನ ಚಳಿಗಾಲದ ಮುಚ್ಚಳ ಆ ಹೊತ್ತಿಗೆ ಎತ್ತಿಹೋಗಿರುತ್ತದೆ. ದಖ್ಖನಿನ ಊರುಗಳ ಗಾಳಿ ಲಾಕ್‌ಡೌನ್ ಇಲ್ಲದಿದ್ದರೂ ಜನವರಿಗಿಂತ ಏಪ್ರಿಲ್‌ನಲ್ಲಿ ಹಗುರಾಗಿಯೇ ಇರುತ್ತದೆ. ಫೆಬ್ರುವರಿಯ ಅಂಕಿಯನ್ನೂ ಏಪ್ರಿಲ್‌ನ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಇಷ್ಟು ಇಳಿಯಿತು ಎಂದು ಸಂಭ್ರಮಿಸಿದವರು ಋತುವಿನ ಪಾಲನ್ನೂ ಲಾಕ್‌ಡೌನ್‌ನ ಖಾತೆಗೆ ಬರೆದಿದ್ದರು. ದೆಹಲಿ, ಬೀಜಿಂಗ್, ಲಂಡನ್ ಸೇರಿ 11 ನಗರಗಳ ದಾಖಲೆಯಿಂದ ಹವಾಮಾನದ ಪ್ರಭಾವವನ್ನು ಕಳೆದು ನೋಡಿದ ಅಧ್ಯಯನ 2021ರ ಜನವರಿಯಲ್ಲಿ ಬಂತು. ಬದಲಾವಣೆ ದಿಢೀರನೆ ಬಂದದ್ದು ನಿಜ, ಆದರೆ ಅಂದುಕೊಂಡದ್ದಕ್ಕಿಂತ ಸಣ್ಣದು ಎಂಬುದು ಅದರ ತೀರ್ಮಾನ.

ನಾಲ್ಕನೆಯದು ಒಲೆ. ಭಾರತದ ಜನ ಉಸಿರಾಡುವ ಸೂಕ್ಷ್ಮ ಕಣಗಳಲ್ಲಿ ಸುಮಾರು ಕಾಲು ಭಾಗ ಬರುವುದು ಮನೆಗಳಲ್ಲಿ ಉರಿಸುವ ಸೌದೆ, ಬೆರಣಿಗಳಿಂದ ಎಂದು 2018ರ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತ್ತು. ಊರೆಲ್ಲ ನಿಂತರೂ ಒಲೆ ನಿಲ್ಲುವುದಿಲ್ಲ. ಮನೆಮಂದಿಯೆಲ್ಲ ಮೂರು ಹೊತ್ತೂ ಮನೆಯಲ್ಲೇ ಇದ್ದಾಗ ಆ ಹೊಗೆಯ ಮುಂದೆ ಕೂತ ಹೆಂಗಸಿಗೆ ನೀಲಿ ಆಕಾಶದಿಂದ ಬಂದ ಲಾಭ ಕಡಿಮೆಯೇ.

ಒಟ್ಟಿನಲ್ಲಿ ಆ 68 ದಿನ ನಮಗೆ ಕೊಟ್ಟದ್ದು ಒಂದು ಸೋಸಿದ ಲೆಕ್ಕ. ರಸ್ತೆ, ಕಟ್ಟಡ, ಕಾರ್ಖಾನೆ ನಿಂತರೆ ಇಷ್ಟು ಇಳಿಯುತ್ತದೆ, ಇಷ್ಟು ಇಳಿಯುವುದಿಲ್ಲ. ಉಳಿದದ್ದು ಒಲೆಯದು, ಕಲ್ಲಿದ್ದಲಿನದು, ಋತುವಿನದು.

ಲೆಕ್ಕದ ಬೆಲೆ

ಈ ಲೆಕ್ಕಕ್ಕೆ ದುಡ್ಡು ಕೊಟ್ಟವರು ಯಾರು?

ಮೇ 8ರ ಬೆಳಗಿನ ಜಾವ ಔರಂಗಾಬಾದ್ ಜಿಲ್ಲೆಯ ಕರ್ಮಾಡ್ ಬಳಿ ಹಳಿಯ ಮೇಲೆ ಮಲಗಿದ್ದ ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. 16 ಜನ ಸತ್ತರು. ಮಧ್ಯಪ್ರದೇಶದವರು, ಜಾಲ್ನಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಊರಿನ ರೈಲು ಹಿಡಿಯುವ ಆಸೆಯಿಂದ ಹಳಿಗುಂಟ ರಾತ್ರಿಯೆಲ್ಲ ನಡೆದು, ದಣಿದು ಮಲಗಿದ್ದರು. ರೈಲು ಓಡಾಡುತ್ತಿಲ್ಲ ಎಂದುಕೊಂಡಿದ್ದರು. ನಾಸಿಕ್‌ನಿಂದ ಭೋಪಾಲಕ್ಕೆ ರೈಲು ಹೋಗಿ ವಾರವಾಗಿತ್ತು.

ಕರ್ನಾಟಕದ ಪುಟವೂ ಹಸನಾಗಿಲ್ಲ. ಮೇ 5ರಂದು ಬೆಂಗಳೂರಿನಲ್ಲಿ ಕಟ್ಟಡ ಉದ್ಯಮಿಗಳೊಂದಿಗೆ ಸಭೆ ನಡೆದ ಬಳಿಕ ರಾಜ್ಯ ಸರ್ಕಾರ ಶ್ರಮಿಕ್ ರೈಲುಗಳು ಬೇಡವೆಂದು ರೈಲ್ವೆಗೆ ತಿಳಿಸಿತು. ದೇಶದೆಲ್ಲೆಡೆಯಿಂದ ಟೀಕೆ ಬಂದ ಮೇಲೆ ಎರಡು ದಿನಗಳಲ್ಲಿ ಆ ನಿರ್ಧಾರವನ್ನು ಕೈಬಿಟ್ಟಿತು. ಅದೇ ತಿಂಗಳು ಮುಂಬೈ, ಪುಣೆಗಳಲ್ಲಿ ದುಡಿಯುತ್ತಿದ್ದ ಕಲಬುರಗಿ, ಮಂಡ್ಯ ಕಡೆಯ ಜನ ಊರಿಗೆ ಹೊರಟರು. ಮೇ 18ರಂದು ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದು ಕರ್ನಾಟಕ ಘೋಷಿಸಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಗರದ ಪಿಎಂ 10ರಲ್ಲಿ ಕಟ್ಟಡ ಕೆಲಸದ ದೂಳು, ರಸ್ತೆ ದೂಳಿನ ಪಾಲು ದೊಡ್ಡದು. ಆ ದೂಳನ್ನು ಮೊದಲು, ಎಲ್ಲರಿಗಿಂತ ಹೆಚ್ಚು ಉಸಿರಾಡುವವನು ಗಾರೆಯವನು, ಕಲ್ಲು ಒಡೆಯುವವಳು, ಮಣ್ಣು ಹೊರುವವರು. ದೂಳು ನಿಂತಾಗ ಮೊದಲು ಕೂಲಿ ಕಳೆದುಕೊಂಡವರೂ ಅವರೇ. ದೂಳು ಏಳುವಾಗಲೂ ಅಡಗುವಾಗಲೂ ಪೆಟ್ಟು ಒಂದೇ ಮನೆಗೆ ಬಿತ್ತು. ಶುದ್ಧ ಗಾಳಿಯ ಪಾಲು ಮಾತ್ರ ಎಲ್ಲರಿಗೂ ಹಂಚಿಹೋಯಿತು.

ಬಳ್ಳಾರಿಯ ಕೆಂಪು ದೂಳು

ನಿಲುಗಡೆಯಿಂದ ಏನಾದರೂ ಉಳಿಯಬೇಕಾದರೆ ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲೇ ಒಂದು ಉದಾಹರಣೆಯಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಿಗೂ ಆದೇಶ ಬಂತು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ಕರಗಿತು. ಮರ, ಮನೆ, ಬೆಳೆ ಎಲ್ಲದರ ಮೇಲೂ ಕೂತಿದ್ದ ಕೆಂಪು ದೂಳಿನ ಹೊಸ ಪದರ ಬೀಳುವುದು ನಿಂತಿತು. ಲಾರಿ ಕೊಂಡವರ ಸಾಲದ ಕಂತು, ಚಾಲಕರ, ಕ್ಲೀನರುಗಳ, ಹೋಟೆಲಿನವರ ಸಂಪಾದನೆಯೂ ಅದರೊಂದಿಗೇ ನಿಂತಿತು.

ಆದರೆ ಅಲ್ಲಿ ಕತೆ ನಿಲುಗಡೆಗೇ ಮುಗಿಯಲಿಲ್ಲ. ಗಣಿಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದರು. ಕಡಿಮೆ ತಪ್ಪಿದ್ದವು ಷರತ್ತಿನ ಮೇಲೆ ಮತ್ತೆ ತೆರೆದವು. ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಕಡ್ಡಾಯವಾಯಿತು. ವರ್ಷಕ್ಕೆ ಬಳ್ಳಾರಿಯಿಂದ 2.5 ಕೋಟಿ ಟನ್, ಚಿತ್ರದುರ್ಗ-ತುಮಕೂರಿನಿಂದ 50 ಲಕ್ಷ ಟನ್ ಎಂಬ ಮಿತಿ ಬಂತು. ಆ ಮಿತಿ ಆಮೇಲೆ ಏರುತ್ತ ಬಂದಿದೆ, ಅದರ ಬಗ್ಗೆ ವಾದವಿದೆ. ಆದರೂ ನಿಲುಗಡೆಯೊಂದು ನಿಯಮವಾಗಿ ಬದಲಾದ ಅಪರೂಪದ ಸಂದರ್ಭ ಅದು. ನಿಂತಾಗ ಕಂಡ ವ್ಯತ್ಯಾಸವನ್ನು, ಓಡುವಾಗ ಎಷ್ಟು ಓಡಬಹುದು ಎಂಬ ಪ್ರಶ್ನೆಗೆ ಉತ್ತರವಾಗಿ ಬಳಸಿಕೊಂಡರು.

2020ರ ಲೆಕ್ಕವನ್ನು ಬಳಸಿಕೊಳ್ಳಲು ಚೌಕಟ್ಟೂ ಇತ್ತು. 2019ರ ಜನವರಿಯಲ್ಲೇ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಘೋಷಿಸಿತ್ತು. ನಾಸಿಕ್, ಔರಂಗಾಬಾದ್, ನಮ್ಮ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳು ಅದರ ಪಟ್ಟಿಯಲ್ಲಿವೆ. 2024ರ ಹೊತ್ತಿಗೆ ಕಣಗಳನ್ನು ಶೇ 20ರಿಂದ 30ರಷ್ಟು ಇಳಿಸುವುದು ಅದರ ಮೊದಲ ಗುರಿ. ಲಾಕ್‌ಡೌನ್‌ನಲ್ಲಿ ಕೆಲವೇ ದಿನಗಳಲ್ಲಿ ಆದ ಇಳಿಕೆ ಆ ಐದು ವರ್ಷಗಳ ಗುರಿಯನ್ನೂ ಮೀರಿತ್ತು. ಅದು ಹಾಗೆ ಉಳಿಯಲಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾವ ದೂಳು ಬೇಗ ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂಬುದು ಮಾತ್ರ ಆಗ ಕಣ್ಣಮುಂದೆ ಬಂತು. ಬಸ್ಸು ಹೆಚ್ಚಿದರೆ, ಕಟ್ಟಡದ ಸುತ್ತ ಪರದೆ ಕಟ್ಟಿ ನೀರು ಹಾಯಿಸಿದರೆ, ಸಿಲಿಂಡರು ಎರಡನೇ ಸಲವೂ ತುಂಬಿಸುವ ಬೆಲೆಗೆ ಸಿಕ್ಕರೆ ಯಾರ ಕೂಲಿಯೂ ಹೋಗದೆ ಗಾಳಿ ಇಳಿಯುವ ಜಾಗಗಳು ಅವು.

ಈಗ ಮತ್ತೆ ನಿಫಾಡ್‌ನ ಚಳಿಗೆ ಬರೋಣ. ಡಿಸೆಂಬರ್ ಕೊನೆಯಲ್ಲಿ ತಾಪಮಾನ ಒಂದಂಕಿಗೆ ಇಳಿದಾಗ ಅಲ್ಲಿನ ರೈತರು ನಸುಕಿನಲ್ಲೆದ್ದು ದ್ರಾಕ್ಷಿ ಚಪ್ಪರಗಳ ನಡುವೆ ಅಲ್ಲಲ್ಲಿ ಬೆಂಕಿ ಹಾಕುತ್ತಾರೆ. ಕಾಯಿ ಸೀಳದಿರಲಿ, ಬೆಳವಣಿಗೆ ನಿಲ್ಲದಿರಲಿ ಎಂದು. ಹೊಗೆ ಮೇಲೇರದೆ ತೋಟದ ಮೇಲೆ, ಪಕ್ಕದ ಊರಿನ ಮೇಲೆ ಹಾಸಿಕೊಳ್ಳುತ್ತದೆ. ಹೊತ್ತೇರಿದ ಮೇಲೆಯೇ ಅದು ಕರಗುವುದು. ಆ ಬೆಂಕಿ ಹಾಕಬೇಡ ಎಂದು ಆದೇಶ ಹೊರಡಿಸುವುದು ಒಂದು ದಿನದ ಕೆಲಸ. ಹಾಕದಿದ್ದರೆ ಅವನ ಒಂದು ವರ್ಷದ ಬೆಳೆ ಯಾರ ಹೊಣೆ ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಆದೇಶ ಬಂದಾಗ ಆ ತೀರ್ಮಾನ ಆಗಿರಲಿಲ್ಲ.